ಮೀನಿನ ಬೆಳ್ಳಿಯ ನಂಬರು

ಗಾಜಿನ ಮೇಲೆ ಅಬ್ಬಿಯ ಹೆಬ್ಬೆರಳು ನಿಲ್ಲುತ್ತದೆಯೇ? ಒದ್ದೆ ಬೆರಳಿಗೆ ಈ ಟಚ್ ಫೋನು ಓಗೊಡುವುದಿಲ್ಲ. ಒರೆಸಿಕೊಂಡು ಮುಟ್ಟಿದರಾಯಿತು, ಸರಿ. ಆದರೆ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಅವಳ ಕೈ ಒಣಗಿರುವುದಾದರೂ ಯಾವಾಗ? ಗುಂಡಿ ಇರುವುದೇ ವಾಸಿ. ಅದೇ ವಾಸಿ ಎಂದು ಗೊತ್ತಿದ್ದೂ ಕೈ ಯಾಕೆ ಮತ್ತೆ ಮತ್ತೆ ಆ ದೊಡ್ಡದರ ಕಡೆಗೇ ಹೋಗುತ್ತಿದೆ?

ಗೋವರ್ಧನ ಮೂರು ಫೋನುಗಳನ್ನು ಕೌಂಟರಿನ ಮೇಲೆ ಸಾಲಾಗಿ ಇಟ್ಟುಕೊಂಡು ಅರ್ಧ ಗಂಟೆಯಿಂದ ನೋಡುತ್ತಿದ್ದ. ಕುಂದಾಪುರದ ಪೇಟೆಯ ಆ ಮೊಬೈಲ್ ಅಂಗಡಿಯಲ್ಲಿ ಅವನಿಗೆ ಆರು ವರ್ಷದ ಕೆಲಸ. ದಿನಕ್ಕೆ ಇಪ್ಪತ್ತು ಮಂದಿಗೆ ಇಂಥದ್ದೇ ತಗೊಳ್ಳಿ ಎಂದು ಧೈರ್ಯವಾಗಿ ಹೇಳಿ ಕಳಿಸುವವನು. ಒಂದು ಫೋನು ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಪುಟ್ಟದು, ಉಬ್ಬಿದ ಗುಂಡಿಗಳದ್ದು, ಸಾವಿರದ ಮುನ್ನೂರು ರೂಪಾಯಿ. ಇನ್ನೊಂದರ ಅರ್ಧ ಮೈಯ ತುಂಬ ಟೈಪ್‌ರೈಟರಿನ ಹಾಗೆ ಇಂಗ್ಲಿಷ್ ಅಕ್ಷರಗಳ ಸಣ್ಣ ಸಣ್ಣ ಗುಂಡಿಗಳು. ಕಾಲೇಜು ಹುಡುಗರು ಒಂದು ಕಾಲಕ್ಕೆ ಮುಗಿಬಿದ್ದು ಕೊಂಡದ್ದು, ಈಗ ಕೇಳುವವರಿಲ್ಲ. ಮೂರನೆಯದು ನಾಲ್ಕೂವರೆ ಇಂಚಿನ ಟಚ್ಚು, ಎಂಟೂವರೆ ಸಾವಿರ. ಅದು ಎರಡು ಸಾವಿರದ ಹದಿನಾಲ್ಕನೆಯ ಇಸವಿ, ದೀಪಾವಳಿಯ ತಿಂಗಳು. ಈ ಮೂರನೆಯ ನಮೂನೆಯದ್ದನ್ನು ಒಬ್ಬೊಬ್ಬರು ಹದಿನೈದು ಮಾರಲೇಬೇಕೆಂದು ಯಜಮಾನರು ಹೇಳಿದ್ದರು. ಗೋವರ್ಧನ ಹದಿನಾಲ್ಕು ಮಾರಿದ್ದ.

ಅವನು ಅಬ್ಬಿ ಎಂದು ಕರೆಯುವ ತಾಯಿ ಬೆಳ್ಳಿ ಗಂಗೊಳ್ಳಿ ಬಂದರಿನ ಏಲಂನಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು ಬಸ್ಸು ಹತ್ತಿ, ಕಂಡ್ಲೂರು, ಅಂಪಾರು, ಸಿದ್ದಾಪುರದ ಬದಿಯ ಮನೆಮನೆಗೆ ಮಾರುವವಳು. ಮೂವತ್ತು ವರ್ಷದ ಗಿರಾಕಿಗಳು. ಅವಳಿಗೆ ಓದು ಬಾರದು. ಆದರೆ ಫೋನಿನ ಒಂದೊಂದು ಗುಂಡಿಯ ಕೆಳಗೂ ಅವಳಿಗೆ ಒಬ್ಬೊಬ್ಬ ಮನುಷ್ಯನ ಮುಖವಿತ್ತು. ಎರಡನ್ನು ಒತ್ತಿ ಹಿಡಿದರೆ ಬಂದರಿನಲ್ಲಿ ಏಲಂ ಕೂಗುವವನು, ಮೂರಕ್ಕೆ ಅಂಪಾರಿನ ರತ್ನಕ್ಕ, ನಾಲ್ಕಕ್ಕೆ ಸಿದ್ದಾಪುರದ ಹೋಟೆಲು, ಐದಕ್ಕೆ ಐಸಿನ ಫ್ಯಾಕ್ಟರಿ. ಬಸ್ಸಿನ ಮೆಟ್ಟಿಲಲ್ಲಿ ನಿಂತು, ಸೆರಗಿನೊಳಗೇ ಕೈಯಿಟ್ಟು, ನೋಡದೆ ಒತ್ತುತ್ತಿದ್ದಳು. ಉಳಿದವರೆಲ್ಲ ಅವಳಿಗೇ ಫೋನು ಮಾಡುವವರು. ಆ ಬದಿಯ ಎಷ್ಟೋ ಅಡುಗೆಕೋಣೆಗಳ ಗೋಡೆಯ ಮೇಲೆ, ಗ್ಯಾಸಿನವರ ನಂಬರಿನ ಕೆಳಗೆ, ಪೆನ್ಸಿಲಿನಲ್ಲೋ ಇದ್ದಿಲಿನಲ್ಲೋ ‘ಮೀನಿನ ಬೆಳ್ಳಿ’ ಎಂದು ಬರೆದು ಹತ್ತು ಅಂಕಿ ಇರುತ್ತಿದ್ದವು. ಮನೆಗೆ ನೆಂಟರು ಬಂದರೆ, ಮಗಳು ಬಾಣಂತಿಯಾಗಿ ಬಂದರೆ, ಗೋಡೆ ನೋಡಿ ಫೋನು ಮಾಡುವರು. ಇಂಥ ಮನೆಗೆ ಇಂಥ ಮೀನು, ಇಷ್ಟು ಎಂದು ಬೆಳ್ಳಿ ಏಲಂಗೆ ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡು ಕೊಳ್ಳುವಳು. ಬುಟ್ಟಿಯಲ್ಲಿ ಉಳಿಯುತ್ತಿದ್ದದ್ದು ಕಡಿಮೆ.

ಆ ಫೋನು ಐಸುನೀರಿನ ಡಬ್ಬಕ್ಕೆ ಬಿದ್ದು ಐದನೆಯ ಗುಂಡಿ ಸತ್ತಿತ್ತು. ಹಿಂದಿನ ಮುಚ್ಚಳ ನಿಲ್ಲದೆ ರಬ್ಬರ್ ಬ್ಯಾಂಡ್ ಹಾಕಿಕೊಂಡಿದ್ದಳು. ಹೊಸತಕ್ಕೆಂದು ಅವಳೇ ಹಣ ಕೂಡಿಟ್ಟು ಮಗನ ಕೈಗೆ ಕೊಟ್ಟಿದ್ದಳು.

ಆ ದಿನ ಊಟದ ಹೊತ್ತಿಗೆ ಗೋವರ್ಧನ ದೊಡ್ಡ ಫೋನನ್ನೇ ಮನೆಗೆ ತಂದ. ತೋರಿಸುವುದಕ್ಕೆ ಎಂದು ಹೇಳಿದ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಪ್ರಫುಲ್ಲಾ ಬಡಿಸುತ್ತಿದ್ದಳು. ಅವಳು ಬೈಂದೂರು ಕಡೆಯ ಹುಡುಗಿ, ಪಿಯುಸಿ ಮಾಡಿದವಳು, ಈ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷ.

“ಇದೆಂತ ಮಗಾ, ಕೂಕಂಬ ಮಣೆ ಹಾಂಗಿತ್ತಲ,” ಎಂದಳು ಬೆಳ್ಳಿ. “ನಂಗ್ ಮೊದ್ಲಿನ ಹಾಂಗಿಂದೇ ಸಾಕ್. ಗುಂಡಿ ದೊಡ್ಡದ್ ಇರ್ಕ್, ರಿಂಗ್ ಜೋರ್ ಇರ್ಕ್. ಅಷ್ಟೇ.”

“ಮೊದ್ಲಿನ ಹಾಂಗಿಂದ್ ಈಗ ಯಾರ್ ತಕಂತ್ರ್ ಅಬ್ಬಿ?”

“ನಾನ್ ತಕಂತೆ.”

ಗೋವರ್ಧನನ ಅಪ್ಪ ಸುಬ್ಬ ಮೀನಿನ ಮುಳ್ಳು ಬಿಡಿಸುತ್ತ ತಲೆಯೆತ್ತಿದ. ಹದಿನೇಳು ವರ್ಷ ಬೋಟಿಗೆ ಹೋಗಿ ಸೊಂಟ ಬಿದ್ದ ಮೇಲೆ ಮನೆಯಲ್ಲೇ ಕೂತು ಬಲೆ ಸರಿಮಾಡುವವನು. “ಬೋಟಿಗ್ ಹೋಪ ಮಕ್ಳ್ ಕೈಯಂಗೂ ದೊಡ್ಡ ಫೋನ್ ಇತ್ತ್. ಮೊಬೈಲ್ ಅಂಗ್ಡಿಯವನ ಅಬ್ಬಿ ಅಂದೇಳಿ ಹೆಸ್ರ್, ಕೈಯಂಗೆ ರಬ್ಬರ್ ಬ್ಯಾಂಡ್ ಹಾಕಿದ್ ಡಬ್ಬಿ.”

“ಗಿರಾಕಿಗ್ ರಬ್ಬರ್ ಬ್ಯಾಂಡ್ ಕಾಂತಿಲ್ಲೆ, ಮೀನ್ ಕಾಂತ್ತ್,” ಎಂದಳು ಬೆಳ್ಳಿ.

“ಒಂದ್ಸಲ ಮುಟ್ಟಿ ಕಾಣ್ ಅಬ್ಬಿ. ಗಿರಾಕಿ ಫೋಟೊನೇ ಹಾಕಿ ಕೊಡ್ತೆ. ರತ್ನಕ್ಕನ ಮೋರೆ ಮುಟ್ಟುದ್, ಫೋನ್ ಹೋತ್ತ್.”

“ರತ್ನಕ್ಕನ ಮೋರೆ ಮೇಲೆ ಮೀನಿನ ಕೈ ಇಡ್ಕಾ?”

ಪ್ರಫುಲ್ಲಾಳಿಗೆ ನಗು ಬಂತು. ಬೆಳ್ಳಿ ಎಡಗೈಯ ಹೆಬ್ಬೆರಳನ್ನು ಸೀರೆಗೆ ಒರೆಸಿಕೊಂಡು ಗಾಜಿನ ಮೇಲೆ ಒತ್ತಿದಳು. ಏನೂ ಆಗಲಿಲ್ಲ. ಬುಟ್ಟಿ, ಹಗ್ಗ, ಐಸು ಹಿಡಿದ ಬೆರಳು, ಚರ್ಮ ಹದಮಾಡಿದ ತೊಗಲಿನ ಹಾಗೆ ದಪ್ಪ. ಇನ್ನಷ್ಟು ಗಟ್ಟಿಯಾಗಿ ಒತ್ತಿದಳು. ಆಗ ಕ್ಯಾಮೆರಾ ತೆರೆದುಕೊಂಡು ಎದುರಿಗೆ ಕೂತಿದ್ದ ಸುಬ್ಬನ ಮೂಗಿನ ಫೋಟೊ ಬಂತು.

“ಅಕಾ, ನಿಮ್ ಮೂಗಿಗ್ ಫೋನ್ ಹೋಯ್ತ್,” ಎಂದು ಬೆಳ್ಳಿ ಫೋನನ್ನು ಮಗನ ಕಡೆ ಸರಿಸಿದಳು.

ಪ್ರಫುಲ್ಲಾ ಸಾರಿನ ಪಾತ್ರೆ ಕೆಳಗಿಟ್ಟಳು. “ಅತ್ತೆ ಹೇಳುದ್ ಸರಿ ಇತ್ತ್. ಅವ್ರಿಗ್ ಸಣ್ಣದೇ ಆಯ್ಕ್, ಸೆರಗಿನೊಳ್ಗೆ ಹಿಡುಕೆ. ಮತ್ತೆ ಸಿಮ್ ಬದ್ಲ್ ಮಾಡುದ್ ಬ್ಯಾಡ. ಅಂಪಾರ್ ದಾಟಿದ್ ಮೇಲೆ ಸರ್ಕಾರದ್ ಸಿಮ್ ಒಂದೇ ಸಿಗ್ನಲ್ ಹಿಡಿತ್ತ್.”

“ಒಬ್ಬೊಬ್ರ್ ಮೂರ್ ಮೂರ್ ಸಿಮ್ ಇಟ್ಕಂಡ್ ತಿರ್ಗುವ ಕಾಲದಂಗೆ ನೀ ಪಾಠ ಮಾಡ್ತ್ಯಾ?” ಎಂದ ಗೋವರ್ಧನ.

“ಪಾಠ ಅಲ್ಲ. ದುಡ್ಡ್ ಅವ್ರದ್ದಲ್ದಾ? ಅವ್ರ್ ಹೇಳಿದ್ದ್ ತಕಣಿ ಅಂದೆ.”

ಆ ಮಾತು ಅವನಿಗೆ ನಾಟಿತು. ಮನೆಯಲ್ಲಿ ಫೋನಿನ ವಿಷಯ ಬಲ್ಲವನು ತಾನೊಬ್ಬ. ಊರಿನವರೆಲ್ಲ ತನ್ನನ್ನು ಕೇಳಿ ಕೊಳ್ಳುತ್ತಾರೆ, ಈ ಮನೆಯಲ್ಲಿ ಮಾತ್ರ ಮೀನಿನ ಚಟ್ಟಿ ಹಿಡಿದವಳು ಹೇಳಬೇಕೇ. “ಆರ್ ವರ್ಷ ನಾನ್ ಅಂಗ್ಡಿಯಂಗೆ ಎಂತ ಮಾಡ್ತಿದ್ದೆ ಅಂದ್ಕಂಡಿದ್ದಿ? ಮೀನ್ ಕುಯ್ತಿದ್ನಾ?” ಎಂದ. ಹದಿನೈದನೆಯ ಸೆಟ್ಟಿನ ಮಾತನ್ನು ಎತ್ತಲಿಲ್ಲ. “ಇದೇ ಆಯ್ಕ್. ಒಂದ್ ವಾರದಂಗೆ ಅಭ್ಯಾಸ ಆತ್ತ್.”

ಬೆಳ್ಳಿ ಮಗನ ಮುಖ ನೋಡಿದಳು. “ನಿಂಗ್ ಅಷ್ಟ್ ಆಸೆ ಇದ್ರೆ ಆಯ್ಲಿ. ನಂಬ್ರ ಮಾತ್ರ ಅದೇ ಇರ್ಕ್ ಮಗಾ. ನಂಬ್ರ ಹೋದ್ರೆ ನಾನ್ ಹೋದ ಲೆಕ್ಕ,” ಎಂದು ಕೈ ತೊಳೆಯಲು ಎದ್ದಳು.

ಅದಕ್ಕೆ ಹಿಂದಿನ ಭಾನುವಾರ ಪ್ರಫುಲ್ಲಾ ಅತ್ತೆಯ ಸಿಮ್ಮನ್ನು ತೆಗೆದು ತನ್ನ ಫೋನಿಗೆ ಹಾಕಿ, ಅದರಲ್ಲಿದ್ದ ಒಂಬತ್ತು ನಂಬರುಗಳನ್ನು ಒಂದು ನೋಟುಪುಸ್ತಕಕ್ಕೆ ಇಳಿಸಿ, ಸಿಮ್ಮನ್ನು ಮತ್ತೆ ಅದರ ಜಾಗಕ್ಕೆ ಹಾಕಿದ್ದಳು. ಫೋನು ಹಾಳಾದರೂ ನಂಬರು ಉಳಿಯಲಿ ಎಂಬ ಮುಂದಾಲೋಚನೆ. ಅದನ್ನು ಎಲ್ಲರೂ ನೋಡಿದ್ದರು.

ಬುಧವಾರ ಗೋವರ್ಧನ ಸಿಮ್ಮನ್ನು ಅಂಗಡಿಗೆ ಒಯ್ದ. ಹೊಸ ಫೋನಿಗೆ ಸಣ್ಣ ಅಳತೆಯ ಸಿಮ್ಮು ಬೇಕು. ಕತ್ತರಿಸಲು ಸ್ಟೇಪ್ಲರಿನ ಹಾಗಿರುವ ಒಂದು ಸಾಧನ ಕೌಂಟರಿನ ಮೇಲೆಯೇ ಇರುತ್ತದೆ. ಎಂಟು ವರ್ಷದ ಹಿಂದಿನ ಸಿಮ್ಮಿನ ಚಿಪ್ಪು ದೊಡ್ಡದು, ಹಳೆಯದನ್ನು ಕತ್ತರಿಸಬಾರದು, ಬದಲಿ ಸಿಮ್ಮು ತೆಗೆಸಿಕೊಳ್ಳಬೇಕು ಎಂದು ಅವನೇ ಎಷ್ಟೋ ಗಿರಾಕಿಗಳಿಗೆ ಹೇಳಿದ್ದ. ಆ ದಿನ ತಿಂಗಳ ಕೊನೆಯ ದಿನಗಳಲ್ಲೊಂದು. ಬಿಲ್ಲು ಆಗಬೇಕಿತ್ತು. ಸಿಮ್ಮನ್ನು ಆ ಸಾಧನದ ಬಾಯಿಗೆ ಇಟ್ಟು ಒತ್ತಿದ. ಟಕ್ಕೆಂದು ತುಂಡಾಯಿತು. ಚಿನ್ನದ ಬಣ್ಣದ ಚಿಪ್ಪಿನ ಒಂದು ಅಂಚು ಅತ್ತ ಬಿತ್ತು, ಉಳಿದದ್ದು ಇತ್ತ.

ಹೊಸ ಫೋನಿಗೆ ಹಾಕಿ ನೋಡಿದ. ಬೇರೆ ಫೋನಿಗೆ ಹಾಕಿ ನೋಡಿದ. ರಬ್ಬರಿನಿಂದ ತಿಕ್ಕಿ ನೋಡಿದ. ಸಂಜೆ ಗಂಗೊಳ್ಳಿ ಬಸ್ಸು ಅರಾಟೆ ಸೇತುವೆ ದಾಟುವಾಗ ಆ ಎರಡು ತುಂಡುಗಳನ್ನು ಕಿಟಕಿಯಿಂದ ಹೊಳೆಗೆ ಎಸೆದ.

“ಸಿಮ್ ಹೋಯ್ತ್. ಹಳೆದಲ್ದಾ,” ಎಂದ ಮನೆಯಲ್ಲಿ, ಅನ್ನ ಕಲಸುತ್ತ.

“ಹೋಯ್ತ್ ಅಂದ್ರೆ ಎಂತ?” ಬೆಳ್ಳಿಯ ಕೈ ನಿಂತಿತು. “ನಿನ್ನೆ ಸಿದ್ದಾಪುರ್ದಂಗೆ ಮಾತಾಡಿದ್ದೆ.”

ಸುಬ್ಬ ಸೊಸೆಯ ಕಡೆ ನೋಡಿದ. “ಐತಾರ ಇವ್ಳ್ ತೆಗ್ದ್ ಹಾಕಿದ್ಲಲ. ಆವತ್ತೇ ಎಂತದೋ ಆಯಿರ್ಕ್.”

“ಹಾಕಿದ್ ಮೇಲೆ ಎರಡ್ ದಿನ ಸರಿ ಇತ್ತಲ್ದಾ ಮಾವ?” ಎಂದಳು ಪ್ರಫುಲ್ಲಾ. ಆದರೂ ದನಿಯಲ್ಲಿ ಭಯವಿತ್ತು. ಗಂಡನ ಕಡೆ ತಿರುಗಿದಳು. “ಹ್ವಾಯ್, ನೀವ್ ಹೇಳಿ. ತೆಗ್ದ್ ಹಾಕಿರೆ ಎರಡ್ ದಿನ ಬಿಟ್ಟ್ ಹಾಳ್ ಆಪುದಿತ್ತಾ?”

ಮೂವರೂ ಅವನ ಬಾಯಿಯನ್ನು ನೋಡುತ್ತಿದ್ದರು. ಮನೆಯಲ್ಲಿ ಫೋನಿನ ವಿಷಯ ಬಲ್ಲವನು ಅವನೊಬ್ಬ.

“ಕೆಲವ್ ಸಲ ಆತ್ತ್,” ಎಂದ ಗೋವರ್ಧನ.

ಅಲ್ಲಿಗೆ ತೀರ್ಮಾನವಾಯಿತು. ಬೆಳ್ಳಿ ಬಟ್ಟಲನ್ನು ಅರ್ಧಕ್ಕೇ ಸರಿಸಿದಳು. “ಕಲ್ತ ಹೆಣ್ಣ್, ಕಲ್ತ ಹೆಣ್ಣ್ ಅಂದೇಳಿ ತಂದದ್ದಾಯ್ತ್. ಯಾರ್ ಹೇಳಿರ್ ಹೆಣೆ ನಿಂಗ್, ನನ್ ಫೋನಿಗ್ ಕೈ ಹಾಕುಕೆ?”

“ನಿಮ್ಗೇ ಅನ್ಕೂಲ ಆಯ್ಲಿ ಅಂದೇಳಿ ಅತ್ತೆ.”

“ನಂಗ್ ಆದ ಅನ್ಕೂಲ ಸಾಕ್.”

ಪಾತ್ರೆ ತಿಕ್ಕುವಲ್ಲಿ ಪ್ರಫುಲ್ಲಾ ಗಂಡನನ್ನು ಹಿಡಿದು ಕೇಳಿದಳು. “ನಂಗ್ ಒಂದ್ ಹೇಳಿ. ಖರೆ ನನ್ನಿಂದ ಹಾಳ್ ಆದ್ದಾ?”

“ಯಾರಿಂದ ಆದ್ರೆ ಎಂತ ಈಗ? ಅದೇ ನಂಬ್ರದ್ ಬೇರೆ ಸಿಮ್ ತೆಗ್ಸಿರಾಯ್ತ್. ನಾಕ್ ದಿನ.”

ಅವನು ಹಾಗೆಂದು ನಂಬಿಯೂ ಇದ್ದ. ನಾಲ್ಕು ದಿನದ ಮಾತಿಗೆ ಮನೆಯಲ್ಲಿ ಯಾಕೆ ರಾದ್ಧಾಂತ, ಹೊಸ ಸಿಮ್ಮು ಬಂದ ಮೇಲೆ ಎಲ್ಲ ಮರೆತುಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಆದರೆ ಸಿಮ್ಮು ಬೆಳ್ಳಿಯ ಹೆಸರಿನಲ್ಲಿರಲಿಲ್ಲ. ಎಂಟು ವರ್ಷದ ಹಿಂದೆ ಬೋಟಿನ ಮಾಲೀಕ ಕುಷ್ಟ ತನ್ನ ಹೆಸರಿನಲ್ಲಿ ಹತ್ತು ಹನ್ನೆರಡು ಸಿಮ್ಮು ತೆಗೆಸಿ ಬೋಟಿನ ಜನಕ್ಕೆ ಹಂಚಿದ್ದ. ಆಗ ಬಂದರಿನಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಹಾಗೆಯೇ. ಸರಿಯಾದ ಕಾಗದಪತ್ರ ಇದ್ದವನು ಧಣಿಯೊಬ್ಬನೇ. ಸುಬ್ಬನ ಪಾಲಿಗೆ ಬಂದದ್ದು, ಅದೇ ವರ್ಷ ಅವನ ಸೊಂಟ ಬಿದ್ದ ಮೇಲೆ, ಬೆಳ್ಳಿಯ ಕೈಗೆ ಬಂತು. ಅಂದಿನಿಂದ ಕರೆನ್ಸಿ ಹಾಕಿಸಿದವಳು ಅವಳು, ಗಿರಾಕಿ ಮಾಡಿದವಳು ಅವಳು. ಹೆಸರು ಬದಲಿಸಬೇಕೆಂದು ಮೊಬೈಲ್ ಅಂಗಡಿಯಲ್ಲಿ ಕೂತ ಮಗನಿಗೂ ಹೊಳೆದಿರಲಿಲ್ಲ.

ಗೋವರ್ಧನ ಕುಷ್ಟನ ಮನೆಗೆ ಹೋದ. ಹೊಸ ತಾರಸಿ ಮನೆ, ಜಗಲಿಯಲ್ಲಿ ತೂಗುಮಂಚ. ಕುಷ್ಟ ಕೂರಿಸಿ ಶರಬತ್ತು ಕೊಡಿಸಿದ, ಸುಬ್ಬನ ಸೊಂಟ ವಿಚಾರಿಸಿದ.

“ಒಂದ್ ಸಿಮ್ಮಿಗ್ ಇಷ್ಟ್ ತಲೆಬಿಸಿ ಎಂತಕ್ಕೆ ಮಾರಾಯ? ಬೇರೆ ನಂಬ್ರ ತಕಂಡ್ರಾತಿಲ್ಯಾ?”

“ಇಲ್ಲೆ ಕುಷ್ಟಣ್ಣ. ನೂರೈವತ್ ಮನಿ ಗೋಡಿ ಮೇಲೆ ಇತ್ತ್ ಅಬ್ಬಿ ನಂಬ್ರ. ದಿನಕ್ಕ್ ನಲ್ವತ್ ಐವತ್ ಫೋನ್ ಬತ್ತ್.” ಹೇಳುವಾಗ ಅವನಿಗೆ ಹೆಮ್ಮೆಯೇ ಆಯಿತು. ಯಾವ ಮನೆ, ಯಾವ ಹೋಟೆಲು, ಯಾರು ದೊಡ್ಡ ಮೀನು ಕೊಳ್ಳುವವರು ಎಂದೂ ಹೇಳಿದ.

“ಹೌದಾ,” ಎಂದ ಕುಷ್ಟ. ತೂಗುಮಂಚ ನಿಲ್ಲಿಸಿ ಇನ್ನೊಮ್ಮೆ, “ಹೌದಾ” ಎಂದ. “ನನ್ ಹೆಸ್ರಂಗಿಪ್ಪುದಲ್ದಾ, ನಾನೇ ಹೋಯಿ ತೆಗ್ಸ್ತೆ. ನೀ ಕೆಲ್ಸ ಬಿಟ್ಟ್ ಬಪ್ಪುದ್ ಬ್ಯಾಡ.”

ನಾಲ್ಕು ದಿನ ಎಂಟಾಯಿತು. ಎಂಟು ಹದಿನೈದಾಯಿತು. ಕೇಳಿದಾಗೆಲ್ಲ ನಾಳೆ, ನಾಡಿದ್ದು, ಆಫೀಸಿನಲ್ಲಿ ಜನ ಇರಲಿಲ್ಲ. ಬೆಳ್ಳಿ ತಾತ್ಕಾಲಿಕಕ್ಕೆಂದು ಯಾವುದೋ ಕಂಪನಿಯ ಸಿಮ್ಮು ಹಾಕಿದ ದೊಡ್ಡ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬುಟ್ಟಿಯೊಳಗೆ ಇಟ್ಟುಕೊಂಡು ಹೋಗುತ್ತಿದ್ದಳು. ಹಳೆಯ ನಂಬರು ಇಂದೋ ನಾಳೆಯೋ ಬರುತ್ತದೆಂದು ಇದರದ್ದನ್ನು ಯಾರಿಗೂ ಕೊಡದ್ದರಿಂದ ಅದು ಬಡಿಯುತ್ತಿರಲಿಲ್ಲ. ಅಂಪಾರು ದಾಟಿದ ಮೇಲೆ ಬಡಿಯುವ ಹಾಗೂ ಇರಲಿಲ್ಲ. ಯಾರಿಗೆ ಏನು ಬೇಕೆಂದು ಗೊತ್ತಿಲ್ಲದೆ ಅಂದಾಜಿನ ಮೇಲೆ ಮೀನು ಕೊಂಡು, ಅರ್ಧ ಬುಟ್ಟಿ ವಾಪಸು ಹೊತ್ತು ತರತೊಡಗಿದಳು. ಮನೆಯಲ್ಲಿ ಮೂರು ಹೊತ್ತೂ ಮೀನು. ಸಾರಿಗೆ, ಹುರಿಯಲು, ಮಿಕ್ಕದ್ದು ಉಪ್ಪು ಸವರಿ ಅಂಗಳದ ಚಾಪೆಯ ಮೇಲೆ. ಕಾಗೆ ಓಡಿಸುವ ಕೆಲಸವೂ ಪ್ರಫುಲ್ಲಾಳ ಮೇಲೆ ಬಿತ್ತು.

“ಉಣ್ಣಿ, ಉಣ್ಣಿ,” ಎನ್ನುವಳು ಬೆಳ್ಳಿ ಬಡಿಸುತ್ತ. “ನನ್ ಸೊಸಿ ದಯದಿಂದ ಮನಿಯಂಗೆ ಮೀನಿಗೆಂತ ಕಮ್ಮಿ ಇಲ್ಲೆ.”

ಪ್ರಫುಲ್ಲಾ ಮೊದಮೊದಲು ಉತ್ತರ ಕೊಡುತ್ತಿದ್ದಳು. ಆಮೇಲೆ ಕೊಡುವುದನ್ನು ಬಿಟ್ಟಳು. ಗೋವರ್ಧನ ಬೇಗ ಉಂಡು ಏಳುವುದನ್ನು ಕಲಿತ.

ನವೆಂಬರಿನ ಎರಡನೆಯ ವಾರ ಬೆಳ್ಳಿ ಮಧ್ಯಾಹ್ನ ಹನ್ನೆರಡಕ್ಕೇ ಮನೆಗೆ ಬಂದಳು. ಬುಟ್ಟಿ ತುಂಬಿಯೇ ಇತ್ತು. ಅದನ್ನು ಅಂಗಳದಲ್ಲಿ ಕುಕ್ಕಿ ಇಳಿಸಿದಳು. ಅಂದು ಗೋವರ್ಧನನಿಗೆ ರಜೆ.

“ರತ್ನಕ್ಕನ ಮನಿಗ್ ಹೋದೆ. ಅವ್ರ್ ಹಿತ್ಲಂಗೆ ಕೂಕಂಡ್ ಅಂಜಲ್ ಮೀನ್ ಕುಯ್ತಿದ್ರ್. ಯಾರ್ ಕೊಟ್ರ್ ಅಂದೆ. ‘ನೀವೇ ಕಳ್ಸಿದ್ದಲ್ದಾ ಬೆಳ್ಳಕ್ಕ? ಫೋನ್ ಮಾಡ್ದೆ, ನಿಮ್ ಕಡಿ ಮಾಣಿ ಟೆಂಪೋದಂಗೆ ತಂದ್ ಕೊಟ್ಟ’ ಅಂದ್ರ್.”

“ಯಾವ ಮಾಣಿ?” ಎಂದ ಸುಬ್ಬ.

“ರತನ್. ಕುಷ್ಟಣ್ಣನ ತಂಗಿ ಮಗ. ನನ್ ನಂಬ್ರಕ್ ಫೋನ್ ಮಾಡಿರೆ ಅವ ತೆಗಿತ. ‘ಬೆಳ್ಳಕ್ಕನ ಕಡಿಯವ’ ಅಂತ. ಹತ್ ದಿನ ಆಯ್ತ್ ಅಂಬ್ರ್. ನಾನ್ ಬಿಸ್ಲಂಗೆ ಗುಡ್ಡಿ ಹತ್ತಿ ಹೋಪ ಹೊತ್ತಿಗೆ ಅವ ಟೆಂಪೋದಂಗೆ ಬಂದ್ ಕೊಟ್ಟ್ ಹೋಯಾಯ್ತ್. ಸಿದ್ದಾಪುರ್ದ್ ಹೋಟ್ಲಿಗೂ ಅವನೇ, ಕಂಡ್ಲೂರಿಗೂ ಅವನೇ.” ಅವಳು ಮಗನ ಕಡೆ ತಿರುಗಿದಳು. “ಯಾವ ಮನಿ, ಯಾವ ಹೋಟ್ಲ್ ಅಂದೇಳಿ ಅವ್ನಿಗ್ ಹ್ಯಾಂಗ್ ಗೊತ್ತಾಯ್ತ್?”

ಗೋವರ್ಧನ ಚಾಪೆಯ ಮೇಲಿನ ಮೀನನ್ನು ಮಗುಚಿ ಹಾಕುತ್ತಿದ್ದ. “ಫೋನ್ ಬಂದ ಹಾಂಗೆ ಗೊತ್ತಾತ್ತಲ,” ಎಂದ.

ಮರುದಿನ ಬೆಳಿಗ್ಗೆ ಏಲಂ ಮುಗಿಯುವ ಹೊತ್ತಿಗೆ ಬೆಳ್ಳಿ ಬಂದರಿನಲ್ಲಿ ಕುಷ್ಟನ ಎದುರು ಹೋಗಿ ನಿಂತಳು. ಹಿಂದೆ ಸುಬ್ಬ, ಅವನ ಹಿಂದೆ ಗೋವರ್ಧನ. ಮೀನು ವಿಂಗಡಿಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು.

“ಕುಷ್ಟಣ್ಣ, ನನ್ ನಂಬ್ರ ಕೊಡಿ.”

“ಯಾರ್ ನಂಬ್ರ ಬೆಳ್ಳಿ? ಕಾಗ್ದ ಕಾಣ್. ನನ್ ಹೆಸ್ರ್ ಇತ್ತ್, ನನ್ ಫೋಟೊ ಇತ್ತ್.”

“ಎಂಟ್ ವರ್ಷ ಕರೆನ್ಸಿ ಹಾಕ್ಸಿದ್ದ್ ನಿಮ್ ಫೋಟೊ ಅಲ್ಲ. ಬುಟ್ಟಿ ಹೊತ್ಕಂಡ್ ಅಂಪಾರ್ ಗುಡ್ಡಿ ಹತ್ತಿದ್ದ್ ನಿಮ್ ಫೋಟೊ ಅಲ್ಲ.”

ಹೆಂಗಸರ ನಡುವೆ ನಗು ಹೊರಟಿತು. ಕುಷ್ಟನೂ ನಕ್ಕ. “ಮಾಣಿಗೂ ಒಂದ್ ದಾರಿ ಆಯ್ಕಲ್ದಾ? ನೀನೂ ಮಾರ್, ಅವನೂ ಮಾರ್ಲಿ. ಸಮುದ್ರದ್ ಮೀನ್ ಯಾರಪ್ಪಂದ್?”

“ಮೀನ್ ಯಾರ್ದೂ ಅಲ್ಲ. ಹೆಸ್ರ್ ನಂದ್. ‘ಬೆಳ್ಳಕ್ಕನ ಕಡಿಯವ’ ಅಂತನಲ, ಅವ ನನ್ ಹೊಟ್ಟಿಯಂಗೆ ಹುಟ್ಟಿದ್ ಯಾವಾಗ? ಮೀನ್ ಕದ್ರೆ ನಾಳೆ ಬತ್ತ್. ನೀವ್ ಕದ್ದದ್ದ್ ನನ್ ಮೂವತ್ ವರ್ಷದ್ ಬಾಯಿ.”

“ಕದ್ದದ್ದ್ ಅನ್ಬೇಡ ಬೆಳ್ಳಿ. ಸುಬ್ಬ, ನಿನ್ ಹೆಂಡ್ತಿಗ್ ಹೇಳ್.”

ಸುಬ್ಬ ನೀರಿನ ಕಡೆ ನೋಡುತ್ತಿದ್ದ. ಹದಿನೇಳು ವರ್ಷ ಆ ಮನುಷ್ಯನ ಬೋಟಿನಲ್ಲಿ ಬಲೆ ಎಳೆದವನು. ಸೊಂಟ ಬಿದ್ದಾಗ ಒಂದು ಸಾವಿರ ರೂಪಾಯಿಯೂ ಒಂದು ಮೂಟೆ ಅಕ್ಕಿಯೂ ಬಂದಿತ್ತು, ಅಷ್ಟೇ. “ಹೆಣೆ, ಸಾಕ್. ಬಾ,” ಎಂದ.

“ನಿಮ್ಗ್ ಸಾಕಾಯಿರ್ಕ್. ನಂಗಾಯಿಲ್ಲೆ.”

ಕುಷ್ಟನಿಗೆ ಈಗ ಸಿಟ್ಟು ಬಂತು. “ಅಷ್ಟ್ ಬೇಕಾದ್ ಸಿಮ್ ಹಾಳ್ ಮಾಡ್ದ್ ಯಾರ್? ನಾನಾ? ನಿನ್ ಮಗನೇ ನನ್ ಜಗ್ಲಿಗ್ ಬಂದ್ ಕೂಕಂಡ್ ಎಲ್ಲ ಹೇಳಿದ್ದ್. ಅವನತ್ರ ಕೇಣ್.”

ಬೆಳ್ಳಿ ಮಗನ ಕಡೆ ತಿರುಗಲೂ ಇಲ್ಲ. “ಸಿಮ್ ಹಾಳ್ ಮಾಡಿದ್ದ್ ನನ್ ಸೊಸಿ. ಅದ್ ನಮ್ ಮನಿ ಗ್ರಾಚಾರ. ಒಂದ್ ಹೆಣ್ಣ್ ಕೈತಪ್ಪಿ ಮಾಡಿದ್ದಕ್ಕೂ ನೀವ್ ಬೇಕಂದೇಳಿ ಮಾಡಿದ್ದಕ್ಕೂ ಒಂದೇ ತೂಕವಾ?”

ಗೋವರ್ಧನ ಅವಳಿಂದ ಎರಡು ಮಾರು ದೂರದಲ್ಲಿ ನಿಂತಿದ್ದ. ಕುಷ್ಟನ ಮೇಲೆ ಅವನಿಗೆ ಸಿಟ್ಟು ಉಕ್ಕುತ್ತಿತ್ತು. ಶರಬತ್ತು ಕೊಟ್ಟು ಮಾತು ತೆಗೆದ ದ್ರೋಹಿ, ಬಡವರ ಬಾಯಿಗೆ ಮಣ್ಣು ಹಾಕಿದವನು, ಅವನ ಕೊರಳಪಟ್ಟಿ ಹಿಡಿಯಬೇಕು ಎಂದೆಲ್ಲ ಅನಿಸಿತು. ಆ ಸಿಟ್ಟು ಸುಳ್ಳಲ್ಲ. ಆ ಸಿಟ್ಟಿನ ಮರೆಯಲ್ಲಿ ನಿಂತುಕೊಳ್ಳಲು ಅವನಿಗೆ ಜಾಗವೂ ಇತ್ತು. ಕಾಗದ ಯಾರ ಹೆಸರಿನಲ್ಲಿದೆಯೋ ನಂಬರು ಅವರದ್ದೇ ಎಂಬುದು ಆರು ವರ್ಷ ಅದೇ ಕೆಲಸ ಮಾಡಿದವನಿಗೆ ಚೆನ್ನಾಗಿ ಗೊತ್ತಿತ್ತು. “ನಡಿ ಅಬ್ಬಿ,” ಎಂದಷ್ಟೇ ಹೇಳಿದ.

ಮನೆಗೆ ಬಂದ ಬೆಳ್ಳಿ ಬಂದರಿನಲ್ಲಿ ಮುಗಿಯದ್ದನ್ನೆಲ್ಲ ಸೊಸೆಯ ಮೇಲೆ ಸುರಿದಳು. ನಿನ್ನ ಕೈ ಸುಮ್ಮನಿದ್ದಿದ್ದರೆ ಆ ಕುಷ್ಟನ ಬಾಯಲ್ಲಿ ನಾನು ಮಾತು ಕೇಳಬೇಕಿತ್ತಾ ಎಂದಳು. ಪ್ರಫುಲ್ಲಾ ಒಲೆಯ ಮುಂದಿನಿಂದ ಎದ್ದು ನಿಂತಳು.

“ಅತ್ತೆ, ನಾನ್ ಹಾಳ್ ಮಾಡಿದ್ದಾದ್ರೆ ನಾನೇ ಸರಿ ಮಾಡ್ತೆ. ದಿನಾ ಬಡ್ಸುವಾಗ ಹೇಳುದ್ ಬ್ಯಾಡ. ನಾಳೆ ನನ್ ಸಂಗ್ತಿ ಕುಂದಾಪ್ರಕ್ ಬನ್ನಿ. ನಿಮ್ ರೇಶನ್ ಕಾರ್ಡ್, ಎರಡ್ ಫೋಟೊ ತಕಣಿ.”

“ಎಂತಕ್ಕೆ?”

“ನಿಮ್ ಹೆಸ್ರಂಗೆ ಒಂದ್ ಸಿಮ್ ಬೇಡ್ದಾ? ಎಷ್ಟ್ ವರ್ಷ ಆ ಧಣಿ ಹೆಸ್ರಂಗೆ ಮಾತಾಡುದ್?”

ಮರುದಿನ ಹನ್ನೊಂದು ಗಂಟೆಗೆ ಅತ್ತೆ ಸೊಸೆ ಗೋವರ್ಧನನ ಅಂಗಡಿಯ ಮೆಟ್ಟಿಲು ಹತ್ತಿದರು. ಪ್ರಫುಲ್ಲಾ ಬೇರೆ ಗಿರಾಕಿಗಳ ಹಾಗೆಯೇ ಕೌಂಟರಿನ ಮುಂದೆ ನಿಂತು, ರವಿಕೆ ಹೊಲಿದು ಇಟ್ಟುಕೊಂಡಿದ್ದ ಹಣವನ್ನು ಪರ್ಸಿನಿಂದ ತೆಗೆದು, ಸಣ್ಣ ಫೋನನ್ನು ಬೆರಳಿನಿಂದ ತೋರಿಸಿದಳು. “ಅದ್ ಕೊಡಿ. ಸರ್ಕಾರದ್ ಸಿಮ್ ಒಂದ್.” ಬೆಳ್ಳಿ ಫೋನನ್ನು ಸೆರಗಿನೊಳಗೆ ಹಿಡಿದು, ನೋಡದೆ ಗುಂಡಿಗಳ ಮೇಲೆ ಹೆಬ್ಬೆರಳು ಓಡಿಸಿದಳು. ಒಂದು, ಎರಡು, ಮೂರು. ಮುಖ ಸಡಿಲವಾಯಿತು. ಗೋವರ್ಧನ ಅರ್ಜಿ ತುಂಬಿದ. ಬೆಳ್ಳಿ ಅದಕ್ಕೆ ಹೆಬ್ಬೆಟ್ಟು ಒತ್ತಿದಳು.

ಪಕ್ಕದಲ್ಲಿ ಅಂಗಡಿಯ ಇನ್ನೊಬ್ಬ ಕೆಲಸದವಳು ದೀಕ್ಷಿತಾ ಯಾರದೋ ಸಿಮ್ಮು ಕತ್ತರಿಸಿ ಕೊಡುತ್ತಿದ್ದಳು. ಟಕ್ಕೆಂದ ಸದ್ದಿಗೆ ಪ್ರಫುಲ್ಲಾ ತಿರುಗಿದಳು.

“ಅದೆಂತದ್?”

“ಸಿಮ್ ಸಣ್ಣ ಮಾಡುದ್ ಅಕ್ಕ. ದೊಡ್ಡ ಫೋನಿಗೆಲ್ಲ ಹೀಂಗೇ ಕತ್ತರ್ಸ್ಕ್.”

“ಎಲ್ಲ ಸಿಮ್ಮೂ ಕತ್ತರ್ಸುಕಾತ್ತಾ?”

“ಹಳೆದಾದ್ರೆ ಆತಿಲ್ಲೆ. ಚಿಪ್ಪೇ ತುಂಡಾಯಿ ಸತ್ತ್ ಹೋತ್ತ್. ಗೋವರ್ಧನಣ್ಣನೇ ನಂಗ್ ಹೇಳಿ ಕೊಟ್ಟದ್ದ್.”

ಪ್ರಫುಲ್ಲಾ ಗಂಡನ ಕಡೆ ನೋಡಿದಳು. ಅವನು ಬಿಲ್ಲು ಬರೆಯುತ್ತಿದ್ದ. ಬಹಳ ಹೊತ್ತು ಬರೆದ. ತಲೆಯೆತ್ತಿದಾಗಲೂ ಅವಳು ಅಲ್ಲೇ, ಹಾಗೆಯೇ ನೋಡುತ್ತ ನಿಂತಿದ್ದಳು. ಬೆಳ್ಳಿ ಪಕ್ಕದಲ್ಲಿಯೇ ಇದ್ದಳು. ಒಂದು ಮಾತು ಆಡಿದ್ದರೆ ಸಾಕಿತ್ತು. ಪ್ರಫುಲ್ಲಾ ಆಡಲಿಲ್ಲ. ಬಿಲ್ಲನ್ನು ಮಡಚಿ ಪರ್ಸಿಗೆ ಹಾಕಿ, “ಬನ್ನಿ ಅತ್ತೆ, ಬಸ್ಸಿಗ್ ಹೊತ್ತಾಯ್ತ್,” ಎಂದು ಇಳಿದುಹೋದಳು.

ಅಂದಿನಿಂದ ಮೂರು ವಾರ ಪ್ರಫುಲ್ಲಾ ಅತ್ತೆಯ ಜೊತೆ ಹೋದಳು. ಒಂದು ಬುಟ್ಟಿ ಅವಳ ಸೊಂಟದ ಮೇಲೂ ಬಂತು. ಒಂದೊಂದೇ ಮನೆಯ ಅಡುಗೆಕೋಣೆಗೆ ಹೋಗಿ, ಹಳೆಯ ನಂಬರನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹೊಸತನ್ನು ತಾನೇ ಇದ್ದಿಲಿನಿಂದ ದಪ್ಪಕ್ಷರದಲ್ಲಿ ಬರೆದು ಬಂದಳು. ಕೆಲವರು ಕಾಫಿ ಕೊಟ್ಟು ಬರೆಸಿಕೊಂಡರು. ರತ್ನಕ್ಕ ರತನ್‌ನ ಟೆಂಪೋವನ್ನು ಗೇಟಿನಿಂದಲೇ ವಾಪಸು ಕಳಿಸಿದರು. ಇನ್ನು ಕೆಲವರು, ಟೆಂಪೋ ಬಾಗಿಲಿಗೇ ಬರುತ್ತದಲ್ಲ, ಅದೂ ಇರಲಿ, ಇದೂ ಇರಲಿ ಎಂದರು. ಸಿದ್ದಾಪುರದ ಹೋಟೆಲಿನವನು ನೇರವಾಗಿಯೇ ಬೇಡ ಎಂದ. ನೂರೈವತ್ತರಲ್ಲಿ ಎಂಬತ್ತು ಮನೆ ಉಳಿದವು.

ದೊಡ್ಡ ಫೋನನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಅದನ್ನು ಗೋವರ್ಧನನೇ ಇಟ್ಟುಕೊಂಡ. ಮನೆಯಲ್ಲಿ ಪ್ರಫುಲ್ಲಾ ಅವನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು, ಊಟಕ್ಕೆ ಬನ್ನಿ, ಬೀಗ ಅಲ್ಲಿದೆ ಎಂಬಷ್ಟು. ಕೇಳಬಾರದೇ, ಬೈಯಬಾರದೇ ಎಂದು ಅವನು ಕಾದ. ಅವಳು ಕಾಯುತ್ತಿದ್ದದ್ದು ಬೇರೆ.

ಡಿಸೆಂಬರಿನ ಒಂದು ಸಂಜೆ ನಾಲ್ವರೂ ಊಟಕ್ಕೆ ಕೂತಿದ್ದರು. ಆ ದಿನ ಬುಟ್ಟಿ ಖಾಲಿಯಾಗಿ ಬಂದಿತ್ತು. ಬೆಳ್ಳಿಗೆ ಮನಸ್ಸು ಹಗುರಾಗಿತ್ತು. ಬಿಸಿಲಿಗೆ ಕಪ್ಪಾದ ಸೊಸೆಯ ಮುಖ ನೋಡಿ ಅವಳು ಗಂಡನಿಗೆ ಹೇಳಿದಳು.

“ಏನೇ ಹೇಳಿ, ಇವ್ಳ್ ಗಟ್ಟಿ ಇದ್ಲ್. ಹಾಳ್ ಮಾಡ್ದವ್ಳೂ ಇವ್ಳೇ, ಸರಿ ಮಾಡ್ದವ್ಳೂ ಇವ್ಳೇ. ನಾನೂ ಮರ್ತ್ ಬಿಟ್ಟೆ ಹೆಣೆ, ಇನ್ ಆ ಮಾತ್ ಬ್ಯಾಡ.”

“ನಾಲ್ಕಕ್ಷರ ಕಲ್ತವ್ರ್ ತಪ್ಪ್ ಮಾಡಿರೂ ತಿದ್ಕಂತ್ರ್,” ಎಂದ ಸುಬ್ಬ.

ಪ್ರಫುಲ್ಲಾ ಅನ್ನದ ಸೌಟನ್ನು ಪಾತ್ರೆಯಲ್ಲಿ ಇಟ್ಟಳು. ಸಿಟ್ಟಿಲ್ಲದೆ, ಅವಸರವಿಲ್ಲದೆ ಗಂಡನ ಮುಖ ನೋಡಿದಳು. ಅವಳ ಅಂಗೈಯಲ್ಲಿ ಇದ್ದಿಲಿನ ಮಸಿ ಇನ್ನೂ ಇತ್ತು. ಅಪ್ಪ ಅಬ್ಬಿ ಇಬ್ಬರೂ ತಮ್ಮ ತಮ್ಮ ಬಟ್ಟಲು ನೋಡಿಕೊಂಡು ಉಣ್ಣುತ್ತಿದ್ದರು.

“ಒಂಚೂರ್ ಸಾರ್ ಹಾಕ್,” ಎಂದ ಗೋವರ್ಧನ.

ಅವಳು ಹಾಕಿದಳು.

ಸಿಮ್ಮು ಕತ್ತರಿಸಿ ಹಾಳು ಮಾಡಿದ್ದು ನಾನು, ಪ್ರಫುಲ್ಲಾ ಅಲ್ಲ ಎಂದು ಅವನು ಆ ಸಂಜೆ ಹೇಳಲಿಲ್ಲ, ಮುಂದೆಂದೂ ಹೇಳಲಿಲ್ಲ.